ಎತ್ತಿಗೆ ಸ್ವಾಮಾರ, ನಮ್ಗೆ ಯಾವಾರ?

ನಂಜನಗೂಡು, ತಿ. ನರಸೀಪುರದ ಕಡೆ ಸ್ವಾಮಾರ ಆರು ಕಟ್ಟಲ್ಲ. ಇದನ್ನ ನಮ್ಮೋರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಸೋಮವಾರ ನಂಜುಂಡಪ್ಪನ ವಾರ, ಅವನ ಮುಂದೆ ಕೂತಿರೋನು ಬಸವ, ಆ ಬಸವನ ಕುಲದ್ದೇ ನಮ್ಮ ಕೊಟ್ಟಿಗೆ ಎತ್ತು. ಅದ್ಕೇ ಅವತ್ತು ಅದರ ಹೆಗಲಿಗೆ ನೊಗ ಮುಟ್ಟಿಸಂಗಿಲ್ಲ. ಮಳೆ ಬಂದು ಹೊಲ ಹದವಾಗಿದ್ರೂ ಸರಿ, ಪಕ್ಕದೋನು ಬಿತ್ತಿ ಮುಗಿಸಿದ್ರೂ ಸರಿ, ಸ್ವಾಮಾರ ಅಂದ್ರೆ ಸ್ವಾಮಾರ. ಅಮಾಸೆಗೂ ಅಂಗೇಯ. ಎತ್ತನ್ನ ಹೊಳೆಗೋ ಕೆರೆಗೋ ಹೊಡ್ಕೊಂಡೋಗಿ ಮೈ ಉಜ್ಜಿ, ಹೆಗಲು ಬಾತಿದ್ರೆ ಎಣ್ಣೆ ಹಚ್ಚಿ, ನೆರಳಲ್ಲಿ ಕಟ್ಟೋರು.

ಕಾಯ್ದೆ ಕಾನೂನು ಇಲ್ದೇ, ಪೊಲೀಸ್ನೋರು ಇಲ್ದೇ, ಒಂದು ಸೀಮೆಯ ರೈತರೆಲ್ಲ ವಾರಕ್ಕೊಂದು ದಿನ ಮೂಕ ಪ್ರಾಣಿಗೆ ಬಿಡುವು ಕೊಟ್ಕೊಂಡು ಬಂದ್ರಲ್ಲ, ಅದು ಸಣ್ಣ ವಿಚಾರ ಅಲ್ಲ. ದೇವರ ಹೆಸರಲ್ಲಿ ಮಾಡಿದ್ರು ಅನ್ನೋದೇನೋ ನಿಜ. ಆದ್ರೆ ಆರು ದಿನ ಗೇದ ಎತ್ತಿಗೆ ಏಳನೇ ದಿನ ಬಿಡುವು ಕೊಡ್ದಿದ್ರೆ ಹೆಗಲು ಕೊಳೆತು ಮೂಲೆಗೆ ಬೀಳ್ತದೆ ಅನ್ನೋ ಲೆಕ್ಕವೂ ಅದ್ರಲ್ಲಿ ಇದ್ದೇ ಇತ್ತು. ಎತ್ತು ಬಿದ್ರೆ ಆರಂಬ ಬಿತ್ತು. ದೇವರೂ ಲೆಕ್ಕವೂ ಒಂದೇ ಕಡೆ ನಿಂತಾಗ ಪದ್ಧತಿ ಗಟ್ಟಿಯಾಗಿ ನಿಲ್ತದೆ.

ಅದೇ ಸ್ವಾಮಾರದ ದಿನ ಹಟ್ಟಿ ಒಳಗೆ ಏನಾಯ್ತಿತ್ತು ಅಂತ ನೋಡಿ. ಕೋಳಿ ಕೂಗೋ ಮುಂಚೆ ಎದ್ದು ಸಗಣಿಲಿ ನೆಲ ಸಾರಿಸ್ಬೇಕು. ಹೊಸ್ತಿಲು ತೊಳ್ದು ರಂಗೋಲಿ ಬಿಡ್ಬೇಕು. ದೇವರ ಸಾಮಾನೆಲ್ಲ ಹುಣಸೆಹಣ್ಣಲ್ಲಿ ತಿಕ್ಬೇಕು. ಮನೆಯೋರಿಗೆಲ್ಲ ತಲೆಗೆ ನೀರು ಕಾಯಿಸ್ಬೇಕು. ಗಂಡಸ್ರು ಹೊಲಕ್ಕೋಗ್ದೇ ಹಟ್ಟೀಲೇ ಇರ್ತಾರಲ್ಲ, ಅದ್ಕೆ ಮಧ್ಯಾಹ್ನ ತಂಗಳು ನಡೆಯಲ್ಲ, ಬಿಸಿ ಹಿಟ್ಟೇ ಆಗ್ಬೇಕು. ನಿಂತಿರೋ ಎತ್ತಿಗೆ ಮೇವು ಬೇಕು, ಹುಲ್ಲು ಕುಯ್ಕೊಂಡು ಬರೋಳು ಹೆಂಗಸು. ಕಳೆ ಕೀಳೋಕೆ ಎತ್ತು ಬೇಡವಲ್ಲ, ಅದ್ಕೆ ಸ್ವಾಮಾರವೂ ಆಳಿಗೆ ಕರೆಯೋರು, ಹೋಗೋರು. ಇಷ್ಟರ ಮೇಲೆ ಸ್ವಾಮಾರ ಒಪ್ಪತ್ತು ಹಿಡಿಯೋರು ಬೇರೆ. ಎತ್ತಿಗೆ ಅವತ್ತು ಎರಡು ಹೊರೆ ಮೇವು, ಅದನ್ನ ತಂದೋಳಿಗೆ ಒಂದೇ ಹೊತ್ತು ಊಟ. ಎತ್ತಿಗಾದ್ರೂ ಬಸವನ ಹೆಸರಿತ್ತು, ನಮ್ಗೆ ಯಾವ ದೇವರು ಕಟ್ಟೆ ಹಾಕ್ಕೊಟ್ಟಿಲ್ವಲ್ಲ ಅಂತ ನಮ್ಮಜ್ಜಿ ಅಂತಿದ್ರು. ಬೇಜಾರಲ್ಲಿ ಅಂತಿರಲಿಲ್ಲ, ನಗ್ತಾನೇ ಅಂತಿದ್ರು.

ಇದು ನಮ್ಮ ಸೀಮೆದೊಂದೇ ಕತೆ ಅಲ್ಲ ಕಣ್ರವ್ವ. ಯೆಹೂದ್ಯರ ಹಳೇ ಧರ್ಮಗ್ರಂಥದಲ್ಲಿ ಏಳನೇ ದಿನ ಕೆಲಸ ಮಾಡ್ಬಾರ್ದು ಅನ್ನೋ ಕಟ್ಟಳೆ ಅದೆ, ಪ್ರಪಂಚದಲ್ಲೇ ಹೆಸರಾದ ಕಟ್ಟಳೆ. ಯಾರ್ಯಾರು ಕೆಲಸ ಬಿಡ್ಬೇಕು ಅಂತ ಒಂದು ಪಟ್ಟೀನೇ ಕೊಟ್ಟವ್ರೆ. ನೀನು, ನಿನ್ನ ಮಗ, ಮಗಳು, ಆಳುಮಗ, ಆಳುಮಗಳು, ನಿನ್ನ ದನಕರು, ನಿನ್ನ ಊರಲ್ಲಿರೋ ಪರದೇಸಿ, ಇಷ್ಟೂ ಜನ ಬರ್ತಾರೆ. ದನವೂ ಬರ್ತದೆ. ಹೆಂಡ್ತಿ ಅನ್ನೋ ಮಾತು ಮಾತ್ರ ಆ ಪಟ್ಟೀಲಿಲ್ಲ. ‘ನೀನು’ ಅಂದ್ರೆ ಹೆಂಡ್ತಿನೂ ಸೇರ್ತಾಳೆ ಅಂತ ತಿಳ್ದೋರು ಅರ್ಥ ಹೇಳ್ತಾರೆ. ಇರಬೌದು. ನನಗಂತೂ ಅದನ್ನ ಮೊದಲು ಓದ್ದಾಗ ನಮ್ಮೂರಿನೋರೇ ಯಾರೋ ಬರ್ದಂಗಿತ್ತು.

ಇನ್ನು ಭಾನುವಾರದ ರಜಕ್ಕೆ ಬರೋಣ. ಇಂಗ್ಲೀಷರ ಕಚೇರಿಗಳಲ್ಲಿ ಭಾನುವಾರ ಬಾಗಿಲು ಹಾಕ್ತಿದ್ರು, ಗುಮಾಸ್ತರಿಗೆ ರಜ ಸಿಗ್ತಿತ್ತು. ಬಟ್ಟೆ ಗಿರಣಿ ಆಳುಗಳಿಗೆ ಸಿಗ್ತಿರಲಿಲ್ಲ. ಬೊಂಬಾಯಿ ಗಿರಣಿಗಳಲ್ಲಿ ಹೊತ್ತು ಹುಟ್ಟಿದಾಗ ಒಳಕ್ಕೋದ್ರೆ ಹೊತ್ತು ಮುಳುಗಿದಾಗ ಹೊರಕ್ಕೆ. ಬೇಸಿಗೇಲಿ ಹಗಲು ಉದ್ದ, ಅದ್ಕೆ ಕೆಲಸವೂ ಉದ್ದ. ನಾರಾಯಣ ಮೇಘಾಜಿ ಲೋಖಂಡೆ ಅನ್ನೋರು, ಜ್ಯೋತಿಬಾ ಫುಲೆಯವರ ಜೊತೆಗಾರರು, 1884ರಲ್ಲಿ ಗಿರಣಿ ಆಳುಗಳ ಸಂಘ ಕಟ್ಟಿ ವಾರಕ್ಕೊಂದು ದಿನ ಬಿಡುವು ಕೇಳೋಕೆ ಶುರು ಮಾಡಿದ್ರು. ಕೇಳಿದ ರೀತಿ ನೋಡಿ. ಭಾನುವಾರ ನಮ್ಮ ಖಂಡೋಬನ ವಾರ, ನಮ್ಮ ದೇವರ ದಿನ ನಮಗೆ ಬಿಡಿ ಅಂದ್ರು. ಖಂಡೋಬ ಅಂದ್ರೆ ಇನ್ಯಾರೂ ಅಲ್ಲ, ನಮ್ಮ ಮೈಲಾರಲಿಂಗ. ಇಲ್ಲಿ ಎತ್ತಿನ ಬಿಡುವಿಗೆ ನಂಜುಂಡ, ಅಲ್ಲಿ ಗಿರಣಿ ಆಳಿನ ಬಿಡುವಿಗೆ ಮೈಲಾರ.

1890ರ ಏಪ್ರಿಲ್‌ನಲ್ಲಿ ಬೊಂಬಾಯಲ್ಲಿ ಹತ್ತು ಸಾವಿರ ಜನ ಗಿರಣಿಯೋರು ಸೇರಿದ ಸಭೇಲಿ ಇಬ್ಬರು ಹೆಂಗಸ್ರು ಎದ್ದು ನಿಂತು ಮಾತಾಡಿದ್ರು. ಆ ಕಾಲದಲ್ಲಿ ಹೆಂಗಸು ಅಷ್ಟು ಜನದ ಮುಂದೆ ಬಾಯಿ ಬಿಡೋದು ಅಂದ್ರೆ ಎಂಥ ಎದೆಗಾರಿಕೆ ಇರ್ಬೇಕು! ಅದೇ ವರ್ಷ ಜೂನ್‌ನಲ್ಲಿ ಗಿರಣಿ ಮಾಲೀಕರು ಭಾನುವಾರದ ರಜ ಒಪ್ಪಿದ್ರು. ಮಾರನೇ ವರ್ಷ, 1891ರಲ್ಲಿ, ಫ್ಯಾಕ್ಟರಿ ಕಾಯ್ದೆ ತಿದ್ದಿ ಎಲ್ಲ ಆಳಿಗೂ ವಾರಕ್ಕೊಂದು ರಜ ಅಂತಾಯ್ತು. ಹೆಂಗಸ್ರಿಗೆ ದಿನಕ್ಕೆ 11 ಗಂಟೆಗಿಂತ ಹೆಚ್ಚು ಕೆಲಸ ಕೊಡಂಗಿಲ್ಲ, ಮಧ್ಯ ಒಂದೂವರೆ ಗಂಟೆ ಬಿಡುವು ಕೊಡ್ಬೇಕು. ಇಂಗ್ಲೆಂಡಿನ ಗಿರಣಿ ಸಾಹುಕಾರರಿಗೂ ಈ ಕಾಯ್ದೆ ಬೇಕಿತ್ತು, ಇಲ್ಲಿನ ಬಟ್ಟೆ ಅಗ್ಗವಾಗ್ತಿತ್ತಲ್ಲ, ಅವರ ವ್ಯಾಪಾರ ಕೆಡ್ತಿತ್ತು. ಅಂತೂ ಯಾರ ಹೊಟ್ಟೆಕಿಚ್ಚಿಂದಾದ್ರೂ ಆಳಿಗೆ ಒಂದು ದಿನ ಸಿಕ್ತು. ಸಿಕ್ಕ ರಜದಲ್ಲೂ ಬೆಳಗ್ಗೆ ಹೋಗಿ ಮಿಷನ್ನು ಒರೆಸಿ ಬರ್ಬೇಕಿತ್ತಂತೆ ಎಷ್ಟೋ ಕಡೆ. ನಮ್ಮ ಸ್ವಾಮಾರದ ಸಾರಿಸೋ ಕೆಲಸದಂಗೇ ಇದೂವೆ. ಲೋಖಂಡೆಯವರು 1897ರಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡ್ತಾ ಮಾಡ್ತಾ ಅದೇ ಪ್ಲೇಗಿಗೆ ಹೋಗ್ಬಿಟ್ರು.

ಆ ಕಾಯ್ದೆ ಬ್ರಿಟಿಷ್ ಸೀಮೆದು, ನಮ್ಮದು ಮಹಾರಾಜರ ಸೀಮೆ. ಅದೇ 1891ರಲ್ಲಿ ನಮ್ಗೆ ಬಂದದ್ದು ಮೈಸೂರಿಂದ ನಂಜನಗೂಡಿಗೆ ರೈಲು. 1735ರಲ್ಲಿ ದಳವಾಯಿ ಕಟ್ಟಿಸಿದ್ದ ಕಲ್ಲು ಸೇತುವೆ ಮೇಲೇ ಎತ್ತಿನ ಗಾಡಿ ಪಕ್ಕದಲ್ಲಿ ರೈಲು ಓಡಾಡ್ತು. ಗಾಡಿಗೆ ಗಂಟೆ ಲೆಕ್ಕ ಇರಲಿಲ್ಲ, ರೈಲಿಗೆ ಇತ್ತು. ಗಡಿಯಾರ ನೋಡ್ಕೊಂಡು ಗೇಯೋ ಬಾಳು ನಮ್ಮ ಕಡೆ ಅಲ್ಲಿಂದ ಮೆಲ್ಲಗೆ ಶುರುವಾಯ್ತು.

ತಿ. ನರಸೀಪುರದಲ್ಲಿ ಆ ಗಡಿಯಾರ ಬಂದದ್ದು ರೇಷ್ಮೆ ಕಡೆಯಿಂದ. ಮೈಸೂರಿನ ರೇಷ್ಮೆ ನೇಯೋ ಕಾರ್ಖಾನೆ 1912ರದ್ದು. ಅಲ್ಲಿ ಸೀರೆಗೆ ಬೇಕಾದ ನೂಲು ಹೋಗೋದು ನಮ್ಮ ನರಸೀಪುರದ ಫಿಲೇಚರಿಂದ. ಎರಡನ್ನೂ ಈಗ ನಡ್ಸೋದು ಸರ್ಕಾರದ ರೇಷ್ಮೆ ಉದ್ದಿಮೆಗಳ ನಿಗಮ. ಸೀರೆ ಉಟ್ಟೋರು ಜರಿ ನೋಡ್ತಾರೆ. ಕುದಿನೀರಲ್ಲಿ ಗೂಡು ಬೇಯಿಸಿ, ಆ ಬಿಸಿನೀರಲ್ಲಿ ಬೆರಳಾಡಿಸಿ ಎಳೆ ಹುಡುಕೋ ಹೆಂಗಸಿನ ಬೆರಳು ಎಂಗಾಗಿರ್ತದೆ ಅಂತ ನೋಡಿದೋರು ಕಮ್ಮಿ. ಚರ್ಮ ಬೆಳ್ಳಗೆ ನೆನ್ದು ಸೀಳ್ಬಿಟ್ಟಿರ್ತದೆ. ಹಿಟ್ಟು ಕಟ್ಟೋವಾಗ ಉರಿ. ಆದ್ರೂ ಫ್ಯಾಕ್ಟರಿ ಕೆಲಸದಲ್ಲಿ ಒಂದು ಅನುಕೂಲ ಅದೆ. ಸೈರನ್ ಕೂಗಿದ್ರೆ ಕೆಲಸ ಮುಗೀತು. 1948ರ ಫ್ಯಾಕ್ಟರಿ ಕಾಯ್ದೆ ಪ್ರಕಾರ ವಾರಕ್ಕೆ 48 ಗಂಟೆ, ವಾರಕ್ಕೊಂದು ರಜ, ಐದು ಗಂಟೆ ಒಂದೇ ಸಮ ಗೇದ ಮೇಲೆ ಅರ್ಧ ಗಂಟೆ ಬಿಡುವು ಅಂತಿತ್ತು. 30ಕ್ಕಿಂತ ಹೆಚ್ಚು ಹೆಂಗಸ್ರಿದ್ರೆ ಕೂಸು ಮಲಗಿಸೋಕೆ ಜಾಗ ಅಂತಲೂ ಇತ್ತು. ಬರೆದಿದ್ದೆಲ್ಲ ನಡೀತಿತ್ತಾ ಅನ್ನೋದು ಬೇರೆ ಮಾತು. ಬರೆದಾದ್ರೂ ಇತ್ತು.

ಹಟ್ಟೀಲಿ ಹುಳ ಸಾಕೋರಿಗೆ ಅದೂ ಇಲ್ಲ. ಇಲ್ಲಿ ಒಂದು ವಿಚಾರ ಹೇಳ್ಲೇಬೇಕು, ನನಗೆ ಬಾಳ ಇಷ್ಟವಾದ್ದು. ರೇಷ್ಮೆ ಹುಳ ಮೊಟ್ಟೆಯಿಂದ ಬಂದು ಗೂಡು ಕಟ್ಟೋಕೆ ಸುಮಾರು 25ರಿಂದ 28 ದಿನ. ಅಷ್ಟರಲ್ಲಿ ನಾಕು ಸಲ ಅದು ಜ್ವರಕ್ಕೆ ಕೂರ್ತದೆ. ಜ್ವರ ಅಂದ್ರೆ ಕಾಯಿಲೆ ಅಲ್ಲ, ಹಳೇ ಚರ್ಮ ಬಿಟ್ಟು ಹೊಸದು ಹಾಕ್ಕೊಳೋ ಹೊತ್ತು. ಸೊಪ್ಪು ತಿನ್ನೋದು ನಿಲ್ಸಿ, ತಲೆ ಎತ್ಕೊಂಡು, ಅಲ್ಲಾಡ್ದಂಗೆ ಒಂದು ದಿನದ ತನಕ ಹಂಗೇ ಇರ್ತದೆ. ಆವಾಗ ತಟ್ಟೆ ಮುಟ್ಟಂಗಿಲ್ಲ. ಸೊಪ್ಪು ಹಾಕಂಗಿಲ್ಲ. ಮೇಲೆ ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದಕ್ಕೆಳ್ಕೊಂಡು ಬಂದ್ಬಿಡ್ಬೇಕು. ಮಕ್ಕಳು ಆ ಕಡೆ ಓಡಾಡಿದ್ರೂ ಗದರ್ತಾರೆ. ಅರೆಬರೆ ಎದ್ದ ಹುಳಕ್ಕೆ ಸೊಪ್ಪು ಹಾಕಿದ್ರೆ ಒಂದು ದೊಡ್ಡದಾಗಿ ಒಂದು ಚಿಕ್ಕದಾಗಿ ಬೆಳೆ ಕೆಡ್ತದೆ, ಅದ್ಕೆ ಎಲ್ಲ ಏಳೋ ತನಕ ಕಾಯ್ತಾರೆ. ಬಿಡುವು ಇಲ್ದೆ ಹುಳ ದೊಡ್ಡದಾಗಲ್ಲ, ಗೂಡು ಕಟ್ಟಲ್ಲ ಅನ್ನೋದು ಇಡೀ ಹಟ್ಟಿಗೆ ಗೊತ್ತು.

ನಾಕನೇ ಜ್ವರ ಎದ್ದ ಮೇಲೆ ಬರೋ ಆರೇಳು ದಿನ ಮಾತ್ರ ಬ್ಯಾಡ. ಅದರ ಆಯಸ್ಸಿನ ಸೊಪ್ಪಲ್ಲಿ ನೂರಕ್ಕೆ ಎಂಬತ್ತು ಪಾಲು ಆ ಒಂದು ವಾರದಲ್ಲೇ ತಿನ್ನೋದು. ರಾತ್ರಿ ಹನ್ನೊಂದಕ್ಕೊಂದ್ಸಲ ಸೊಪ್ಪು, ಹೊತಾರೆ ನಾಕಕ್ಕೊಂದ್ಸಲ ಸೊಪ್ಪು. ಕೇಳಿದ್ರೆ ಮಳೆ ಬಿದ್ದಂಗೆ ಸದ್ದು, ಹುಳ ಮೇಯೋದು. ಆ ವಾರ ಹುಳದ ಮನೆ ಹೆಂಗಸ್ರ ಕಣ್ಣು ನೋಡಿದ್ರೇ ಗೊತ್ತಾಗ್ತದೆ. ಹಣ್ಣಾದ ಹುಳ ಆಯ್ದು ಚಂದ್ರಿಕೆಗೆ ಬಿಟ್ಟ ಮೇಲೇ ಬೆನ್ನು ನೆಲಕ್ಕೆ. ಹುಳದ ನಾಕು ಜ್ವರಕ್ಕೂ ಬಾಗಿಲು ಮುಚ್ಚಿ ಕಾವಲು ಕೂತ ಹೆಂಗಸಿಗೆ ನಿಜವಾದ ಜ್ವರ ಬಂದ್ರೆ ಒಂದು ಮಾತ್ರೆ ನುಂಗಿ ಎದ್ದು ಬಾ ಅಂತಾರೆ. ಇದನ್ನ ನಾನು ಒಂದು ಹಟ್ಟೀಲಲ್ಲ, ಸುಮಾರು ಹಟ್ಟೀಲಿ ನೋಡಿವ್ನಿ.

ಹಂಗಂತ ಹಳೇ ಕಾಲದಲ್ಲಿ ಹೆಂಗಸ್ರಿಗೆ ಬಿಡುವು ಅನ್ನೋದೇ ಇರಲಿಲ್ಲ ಅಂದ್ರೆ ತಪ್ಪಾಗ್ತದೆ. ಇತ್ತು, ಬೇರೆ ಬೇರೆ ಹೆಸರಲ್ಲಿ ಇತ್ತು. ಮದುವೆಯಾದ ಮೊದಲ ವರ್ಷದ ಆಷಾಢ ತವರಲ್ಲಿ. ಅತ್ತೆ ಸೊಸೆ ಒಂದು ಹೊಸ್ತಿಲು ದಾಟ್ಬಾರ್ದು ಅಂತ ಶಾಸ್ತ್ರ ಹೇಳೋರು, ಹುಡುಗೀಗೆ ಮಾತ್ರ ಒಂದು ತಿಂಗಳು ಹೊತ್ತೇರೋ ತನಕ ನಿದ್ದೆ. ಬಾಣಂತನ ಇನ್ನೊಂದು. ಬಡವರ ಮನೇಲೂ ಚೊಚ್ಚಲ ಹೆರಿಗೆಗೆ ತಾಯಿ ಮನೆಯೋರು ಮೂರರಿಂದ ಐದು ತಿಂಗಳು ಇಟ್ಕೊಂಡು, ಬಿಸಿನೀರು ಹುಯ್ದು, ಮೈ ಒತ್ತಿ, ಗಟ್ಟಿ ಮಾಡಿ ಕಳಿಸೋರು. ಆಮೇಲೆ ಬಂದ 1961ರ ಹೆರಿಗೆ ಕಾಯ್ದೆ ಕೆಲಸದೋರಿಗೆ ಕೊಟ್ಟಿದ್ದು 12 ವಾರ. 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಆಯ್ತು. ನಮ್ಮ ತಾಯಂದಿರು ಕಾಯ್ದೆ ಓದ್ದೇನೇ ಆ ಲೆಕ್ಕಕ್ಕೆ ಹತ್ರ ಬಂದಿದ್ರು. ಕೂಲಿಗೋಗೋರಿಗೆ ಮಾತ್ರ ಆಗ್ಲೂ ಸಿಗ್ತಿರಲಿಲ್ಲ, ಹಸುಗೂಸನ್ನ ಬದುವಿನ ಮರಕ್ಕೆ ಜೋಲಿ ಕಟ್ಟಿ ನಾಟಿ ಮಾಡೋರು.

ಮಾರಿಹಬ್ಬದ ಸಾರು ನೆನಪದಾ? ಊರಲ್ಲಿ ಸಾರು ಹಾಕಿದ್ರು ಅಂದ್ರೆ ಹಬ್ಬ ಮುಗಿಯೋ ತನಕ ಬೀಸಂಗಿಲ್ಲ, ಕುಟ್ಟಂಗಿಲ್ಲ, ಒಗ್ಗರಣೆ ಹಾಕಂಗಿಲ್ಲ ಅಂತ ನಮ್ಮ ಕಡೆ ಎಷ್ಟೋ ಊರಲ್ಲಿ ಕಟ್ಟು. ಹೆದರಿಕೆ ಮಾರಮ್ಮಂದು, ಆದ್ರೆ ಆ ನಾಕು ದಿನ ಹೊತಾರೆ ಬೀಸೋಕಲ್ಲಿನ ಸದ್ದು ನಿಲ್ತಿತ್ತು. ಹೆಂಗಸ್ರ ಕೆಲಸವನ್ನೇ ಹೆಸರಿಟ್ಟು ನಿಲ್ಸಿದ ಕಟ್ಟಳೆ ನನಗೆ ಗೊತ್ತಿರಂಗೆ ಇದೊಂದೇ. ದೇವರು ಹೆಣ್ಣಾಗಿದ್ದಕ್ಕೋ ಏನೋ!

ಮುಟ್ಟಿನ ಮೂರು ದಿನವನ್ನೂ ಕೆಲವರು ಬಿಡುವು ಅಂತ ಹೊಗಳ್ತಾರೆ. ನಾನು ಒಪ್ಪಲ್ಲ. ಅಡಿಗೆಮನೆ ಬಿಡ್ತಿದ್ರು ಸರಿ, ಆದ್ರೆ ಜಗಲಿ ಮೂಲೇಲಿ ಗೋಣಿ ತಾಟಿನ ಮೇಲೆ ಕೂರಿಸಿ, ತಟ್ಟೆ ದೂರದಿಂದ ತಳ್ಳಿ ಕೊಡೋದು ಬಿಡುವಲ್ಲ. ಒಳಗೆ ಬರ್ಬೇಡ ಅಂದೋರೇ ಕಳೆ ಕೀಳೋಕೆ ಕಳಿಸ್ತಿದ್ರು. ಮೈ ನೋವಿಗೆ ಮರ್ಯಾದೆ ಕೊಟ್ಟು ಮಲಗು ಅನ್ನೋದೇ ಬೇರೆ, ಮೈಲಿಗೆ ಅಂತ ದೂರ ಕೂರಿಸೋದೇ ಬೇರೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಕೆಲಸಕ್ಕೋಗೋ ಹೆಂಗಸ್ರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳದ ಮುಟ್ಟಿನ ರಜಕ್ಕೆ ಒಪ್ಪಿತು. ಕೂಲಿಗೆ ಹೋಗೋ ನಮ್ಮೋರಿಗೆ, ಹಟ್ಟೀಲಿ ಗೇಯೋರಿಗೆ ಅದು ಮುಟ್ಟಲ್ಲ.

ಬೀಸೋಕಲ್ಲಿನ ವಿಚಾರ ಬಂತಲ್ಲ. ನಮ್ಮ ಕಾವೇರಿ ಕಪಿಲೆ ನರಸೀಪುರದಲ್ಲಿ ಕೂಡಿ ಮುಂದಕ್ಕೋಗಿ ಶಿವನಸಮುದ್ರದಲ್ಲಿ ಬೀಳ್ತಾವೆ. ಅಲ್ಲಿ ಕರೆಂಟು ತೆಗೆದದ್ದು 1902ರಲ್ಲಿ. ಆ ಕರೆಂಟು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಗಣಿ ಮಿಷನ್ನು ತಿರುಗಿದ ಮೇಲೆ ಎಷ್ಟೋ ದಶಕ ನಮ್ಮ ಅಜ್ಜಿಯರು ಕತ್ತಲಲ್ಲಿ ಎದ್ದು ಕೈಯಲ್ಲೇ ರಾಗಿ ಬೀಸಿದ್ರು. ಇಬ್ಬರು ಎದುರುಬದುರು ಕೂತು ಒಂದು ಹೊತ್ತಿನ ಹಿಟ್ಟಿಗೆ ಬೀಸೋಕೆ ಒಂದೊಂದೂವರೆ ಗಂಟೆ. ಬೀಸೋ ಪದ ಕೇಳೋಕೆ ಚೆಂದ, ಈಗ ಸ್ಟೇಜ್ ಮೇಲೂ ಹಾಡ್ತಾರೆ. ಆದ್ರೆ ಹಾಡಿದ್ದು ನಿದ್ದೆ ಬಂದ್ಬಿಡ್ತದೆ ಅಂತಾನೂ ಹೌದು. ಊರಿಗೆ ಮಿಲ್ಲು ಬಂದ ದಿನ ನಮ್ಮಜ್ಜಿ ಕಲ್ಲನ್ನ ಹಿತ್ತಲಿಗೆ ಉರುಳಿಸಿ ಬಂದವರು ಮತ್ತೆ ಅದರ ಮೊಖ ನೋಡಲಿಲ್ಲ.

ಮಿಲ್ಲು, ಬೋರ್‌ವೆಲ್ಲು, ಗ್ಯಾಸು, ಮಿಕ್ಸಿ ಎಲ್ಲ ಬಂದ ಮೇಲೆ ಆ ಉಳಿದ ಹೊತ್ತು ಎಲ್ಲಿಗೆ ಹೋಯ್ತು? ನನ್ನ ಲೆಕ್ಕದಲ್ಲಿ ಒಂದು ಪಾಲು ನೀರಿಗೆ ಹೋಯ್ತು. 1974ರಲ್ಲಿ ಕಬಿನಿ ಕಟ್ಟೆ ಮುಗಿದು ನಾಲೆ ನೀರು ಬಂದ ಮೇಲೆ ಮಳೆ ನಂಬ್ಕೊಂಡಿದ್ದ ಹೊಲವೆಲ್ಲ ಗದ್ದೆ ಆಯ್ತು. ಗದ್ದೆ ಅಂದ್ರೆ ನಾಟಿ, ನಾಟಿ ಅಂದ್ರೆ ಬಗ್ಗಿದ ಹೆಂಗಸ್ರ ಸೊಂಟ. ಇನ್ನೊಂದು ಪಾಲು ಹಾಲಿನ ಡೈರಿಗೆ ಹೋಯ್ತು. ಇಲ್ಲೊಂದು ತಮಾಷೆ ಅದೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರಿಗೆ ಸ್ವಾಮಾರ ಇಲ್ಲ. ಎತ್ತಿದ್ದ ಜಾಗದಲ್ಲಿ ಸೀಮೆ ಹಸ ಕಟ್ಟಿದ್ವಿ. ಎತ್ತು ನೋಡ್ಕೊಳೋನು ಗಂಡಸು, ಹಸ ನೋಡ್ಕೊಳೋಳು ಹೆಂಗಸು. ಎತ್ತಿಗೆ ವಾರಕ್ಕೊಂದು ರಜ, ಹಸಕ್ಕೆ ವರ್ಷದಲ್ಲಿ 365 ದಿನವೂ ಹೊತಾರೆ ಸಾಯಂಕಾಲ ಎರಡು ಸಲ ಹಾಲು ಕರೀಲೇಬೇಕು. ದುಡ್ಡು ಬರ್ತದೆ, ಇಲ್ಲ ಅನ್ನಲ್ಲ. ಮಕ್ಕಳ ಫೀಸು, ಸಂಘದ ಕಂತು ಎಲ್ಲ ಆ ಹಾಲಿನ ದುಡ್ಡೇ. ಆದ್ರೆ ತವರಲ್ಲಿ ಒಂದು ರಾತ್ರಿ ಉಳಿಯೋಕೂ ಆಗಲ್ಲ.

ಸರ್ಕಾರದೋರು ದೇಶದಲ್ಲೆಲ್ಲ ಮನೆಮನೆ ಕೇಳಿ ಹೊತ್ತಿನ ಲೆಕ್ಕ ತೆಗೆದವ್ರೆ. 2019ರಲ್ಲಿ ಕೂಲಿ ಇಲ್ಲದ ಮನೆಗೆಲಸಕ್ಕೆ ಹೆಂಗಸ್ರು ದಿನಕ್ಕೆ ಕೊಟ್ಟದ್ದು 299 ನಿಮಿಷ, ಗಂಡಸ್ರು 97. 2024ರಲ್ಲಿ ಹೆಂಗಸ್ರು 289, ಗಂಡಸ್ರು 88. ಐದು ವರ್ಷದಲ್ಲಿ ನಮ್ಮದು ಹತ್ತು ನಿಮಿಷ ಇಳಿದ್ರೆ, ಕಮ್ಮಿ ಇದ್ದೋರದ್ದೂ ಒಂಬತ್ತು ನಿಮಿಷ ಇಳೀತು! 289 ನಿಮಿಷವನ್ನ ಏಳು ದಿನಕ್ಕೆ ಹಾಕಿದ್ರೆ ವಾರಕ್ಕೆ 33 ಗಂಟೆ 43 ನಿಮಿಷ. ನಂಜನಗೂಡಿನ ಫ್ಯಾಕ್ಟರಿಗೋಗೋ ನಮ್ಮ ಹೆಣ್ಣುಮಕ್ಕಳು ಕಾಯ್ದೆಯ 48 ಗಂಟೆ ಮುಗಿಸಿ ಬಂದು ಈ ಲೆಕ್ಕ ಶುರು ಮಾಡ್ತಾರೆ. ಭಾನುವಾರ ಅವರ ಹಟ್ಟಿ ಮುಂದೆ ನೋಡಿ, ವಾರದ ಬಟ್ಟೆಯೆಲ್ಲ ತಂತಿ ಮೇಲೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಫ್ಯಾಕ್ಟರಿ ಕಾಯ್ದೆ ತಿದ್ದಿ, ವಾರಕ್ಕೆ 48 ಮೀರದಂಗೆ ದಿನಕ್ಕೆ 12 ಗಂಟೆ ತನಕ ದುಡಿಸಬೌದು ಅಂತ ಮಾಡಿದ್ರು. ರಜ ಒಂದೆರಡು ದಿನ ಹೆಚ್ಚು ಸಿಗ್ತದೆ ಅಂದ್ರು. 12 ಗಂಟೆ ನಿಂತು ಬಂದೋಳಿಗೆ ಅವತ್ತಿನ ಹಿಟ್ಟು ಕಟ್ಟೋರು ಯಾರು ಅಂತ ಕಾಯ್ದೇಲಿ ಬರೆದಿಲ್ಲ.

ನಮ್ಮ ರಾಜ್ಯದ ಹೆಂಗಸ್ರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಮ್ಮಿ ಅಂತ ಸರ್ಕಾರದ ಆರೋಗ್ಯ ಸಮೀಕ್ಷೆಯೇ ಹೇಳ್ತದೆ. ‘ಯಾಕೋ ಸುಸ್ತು ಕಣಕ್ಕ’ ಅಂತ ಬೀದೀಲಿ ಯಾರಾದ್ರೂ ಅಂದ್ರೆ ಸೋಂಬೇರಿ ಅನ್ಬೇಡಿ, ಆಸ್ಪತ್ರೆಗೆ ಕರ್ಕೊಂಡೋಗಿ ರಕ್ತ ನೋಡ್ಸಿ. ಮಾತ್ರೆ ಪುಕ್ಕಟೆ ಕೊಡ್ತಾರೆ. ಎತ್ತು ಕುಂಟಿದ್ರೆ ಅವತ್ತೇ ಡಾಕ್ಟರ್ ಕರೆಸೋ ಜನ ನಾವು.

ಐಸ್‌ಲ್ಯಾಂಡ್ ಅಂತ ಒಂದು ಚಳಿ ದೇಶ, ನಮ್ಮ ಜಿಲ್ಲೆಗಿಂತ ಜನ ಕಮ್ಮಿ. ಅಲ್ಲಿ 1975ರ ಅಕ್ಟೋಬರ್ 24ರಂದು ಹೆಂಗಸ್ರು ನೂರಕ್ಕೆ ತೊಂಬತ್ತು ಜನ ಹೊರಗಿನ ಕೆಲಸವನ್ನೂ ಮನೆಗೆಲಸವನ್ನೂ ಒಂದು ದಿನ ಬಿಟ್ಬಿಟ್ರು. ಅಪ್ಪಂದಿರು ಮಕ್ಕಳನ್ನ ಆಫೀಸಿಗೆ ಎತ್ಕೊಂಡೋದ್ರಂತೆ, ಸುಲಭಕ್ಕೆ ಬೇಯೋ ತಿಂಡಿಯೆಲ್ಲ ಅಂಗಡೀಲಿ ಖಾಲಿಯಾಯ್ತಂತೆ. ನಮ್ಮಲ್ಲಿ ಅಷ್ಟು ದೊಡ್ಡದಾಗಿ ಆಗಿಲ್ಲ. ಆದ್ರೆ 2023ರ ಜೂನ್ 11ಕ್ಕೆ ಹೆಂಗಸ್ರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದ ಮೇಲೆ ಸ್ವಾಮಾರ ನಂಜನಗೂಡಿನ ಹೊಳೆ ಮೆಟ್ಟಿಲ ಮೇಲೆ ನೋಡಿದ್ದೀರಾ? ಪೂಜೆ ಅರ್ಧ ಗಂಟೆ, ಬುತ್ತಿ ಬಿಚ್ಕೊಂಡು ಕಾಲು ನೀರಿಗೆ ಬಿಟ್ಕೊಂಡು ಕೂರೋದು ಮೂರು ಗಂಟೆ. ಪೇಪರ್ನೋರು ಹೆಂಗಸ್ರು ಸುಮ್ಸುಮ್ನೆ ತಿರುಗ್ತಾರೆ ಅಂತ ಬರೆದ್ರು. ಹೌದು, ಸುಮ್ನೆ ಕೂರೋಕೇ ಹೋಗೋದು.

ನಾಟಿಗೆ ಮುಯ್ಯಾಳು ಪದ್ಧತಿ ಇತ್ತಲ್ಲ, ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನಮ್ಮ ಗದ್ದೆಗೆ ನೀನು ಅಂತ. ನಮ್ಮ ಬೀದಿ ನಾಕು ಹಟ್ಟಿಯೋರು ಅದನ್ನೇ ಅಡಿಗೆಗೆ ಇಟ್ಕೊಂಡಿದ್ದೀವಿ. ಸ್ವಾಮಾರ ಮಧ್ಯಾಹ್ನ ಒಂದೇ ಹಟ್ಟೀಲಿ ನಾಕು ಹಟ್ಟಿಗೂ ಉಪ್ಸಾರು ಹಿಟ್ಟು. ಹಿಂಗಾಗಿ ತಿಂಗಳಲ್ಲಿ ಮೂರು ಸ್ವಾಮಾರ ಒಲೆ ಹಚ್ಚಂಗಿಲ್ಲ. ಮೊದಲನೇ ವಾರ ಒಬ್ಬರ ಯಜಮಾನ್ರು ಖಾರ ಜಾಸ್ತಿ ಅಂತ ತಟ್ಟೆ ತಳ್ಳಿದ್ರು. ಎರಡನೇ ವಾರ ಅವರ ಹೆಂಡ್ತಿ ಹಂಗಾದ್ರೆ ನೀವೇ ಮಾಡ್ಕೊಳಿ ಅಂತ ಚಾಪೆ ಹಾಸ್ಕೊಂಡು ಮಲಗಿದ್ರು. ಮೂರನೇ ವಾರದಿಂದ ಖಾರ ಸರಿಯಾಗದೆ. ನಮ್ಮ ಸರದಿ ಬರೋ ಸ್ವಾಮಾರ, ಅವರೆಕಾಳು ಸಿಕ್ರೆ ಹಾಕೋಣ ಅಂತಿದ್ದೀನಿ.